ಮನೆದೇವರು ಯಾವುದು ಎಂದು ಕೇಳಿದಾಗ

 


ಕಳೆದ ಭಾನುವಾರ ಓದು ಮುಗಿದ ಮೇಲೆ ನಮ್ಮ ಬಳಗದ ತರುಣ ಉಪಾಸಕರೊಬ್ಬರು ಒಂದು ಪ್ರಶ್ನೆ ಇಟ್ಟರು. "ಬೆಂಗಳೂರಿನಲ್ಲಿ ಎರಡು ತಿಂಗಳು ಅಲೆದರೂ ಬಾಡಿಗೆ ಮನೆ ಸಿಗಲಿಲ್ಲ. ಕೊನೆಗೆ ಬೇರೆ ಜಾತಿ ಹೇಳಿ ಮನೆ ಹಿಡಿದೆ. ನಾಲ್ಕನೆಯ ಶೀಲ ಮುರಿದ ಹಾಗಾಯಿತೇ?" ಸಮಯವಾಗಿದ್ದರಿಂದ ಅಂದು ಚರ್ಚೆ ಆಗಲಿಲ್ಲ. ವಾರವೆಲ್ಲ ಯೋಚಿಸಿದ್ದನ್ನು ಇಂದು ಹಂಚಿಕೊಳ್ಳುತ್ತಿದ್ದೇನೆ.

ಈ ಊರಿನಲ್ಲಿ ಮನೆ ಹುಡುಕಿದವರಿಗೆ ಕಷ್ಟ ವಿವರಿಸಬೇಕಿಲ್ಲ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಇಲ್ಲಿಯ ಹಳೆಯ ರೂಢಿ. ಬ್ರೋಕರ್‌ಗೆ ಒಂದು ತಿಂಗಳದು, ಬಿಟ್ಟು ಹೋಗುವಾಗ ಪೇಂಟಿಂಗ್ ಎಂದು ಇನ್ನೊಂದು ತಿಂಗಳದು. ಸಾಲ ಸೋಲ ಮಾಡಿ ಇಷ್ಟನ್ನು ಹೊಂದಿಸಿಕೊಂಡು ಹೋದರೂ ಗೇಟಿನ ಬಳಿ ಇನ್ನೊಂದು ಪರೀಕ್ಷೆ ಕಾದಿರುತ್ತದೆ. "ಯಾವ ಜನ?" ಎಂದು ನೇರವಾಗಿ ಕೇಳುವವರು ಕಡಿಮೆ. "ಯಾವ ಊರ ಕಡೆಯವರು?", "ಮನೆದೇವರು ಯಾವುದು?", "ನಾನ್‌ವೆಜ್ ಮಾಡ್ತೀರಾ?" ಎಂದು ಸುತ್ತಿ ಬಳಸಿ ಅಲ್ಲಿಗೇ ಬರುತ್ತಾರೆ. ಮರುದಿನ ಬ್ರೋಕರ್ ಫೋನ್ ಮಾಡಿ, ಓನರ್ ತಮ್ಮ ಸಂಬಂಧಿಕರಿಗೇ ಕೊಡುತ್ತಾರಂತೆ ಎನ್ನುತ್ತಾನೆ.

ಈ ಗೇಟಿನ ಮುಂದೆ ಬಾಬಾಸಾಹೇಬರೂ ನಿಂತಿದ್ದಾರೆ. 1917ರಲ್ಲಿ ಅಮೆರಿಕ, ಲಂಡನ್‌ಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಸೇರಲು ಹೋದಾಗ ಅವರಿಗೆ ಇರಲು ಮನೆ ಇರಲಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದುಕೊಂಡರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಹತ್ತು ಹನ್ನೆರಡು ಜನ ಬಂದು ಅಂದು ಸಂಜೆಯೊಳಗೆ ಖಾಲಿ ಮಾಡು ಎಂದರು. ಪರಿಚಯದವರಿಬ್ಬರಲ್ಲಿ ಆಸರೆ ಕೇಳಿದರು, ಅದೂ ಸಿಗಲಿಲ್ಲ. ಊರಿನ ಉದ್ಯಾನದಲ್ಲಿ ಹೊತ್ತು ಕಳೆದು ಮುಂಬೈಗೆ ರೈಲು ಹತ್ತಿದರು. ಹದಿನೆಂಟು ವರ್ಷಗಳಾದರೂ ಆ ದೃಶ್ಯ ಕಣ್ಣೀರಿಲ್ಲದೆ ನೆನಪಾಗುವುದಿಲ್ಲವೆಂದು ಅವರೇ ಬರೆದಿದ್ದಾರೆ. ಸುಳ್ಳು ಹೆಸರು ಬರೆಸಿದ್ದನ್ನು ಅವರು ಮುಚ್ಚಿಡಲಿಲ್ಲ. ಅದನ್ನು ಓದಿದಾಗ ನಮಗೆ ನಾಚಿಕೆಯಾಗುವುದು ಅವರ ಬಗ್ಗೆ ಅಲ್ಲ, ಆ ಊರಿನ ಬಗ್ಗೆ.

ಹಾಗಾದರೆ ಶೀಲದ ಮಾತೇನು? ಶೀಲ ಮೇಲಿನಿಂದ ಬಂದ ಆಜ್ಞೆಯಲ್ಲ. ಅದು ಶಿಕ್ಷಾಪದ, ಅಂದರೆ ನಾವಾಗಿ ಒಪ್ಪಿ ಕಲಿಯುವ ಪಾಠ. ಸುಳ್ಳನ್ನು ನಿಜವೆಂದು ಕರೆಯಬೇಕಾಗಿಲ್ಲ. ಆದರೆ ಮಕ್ಕಳನ್ನು ಬೀದಿಯಲ್ಲಿ ನಿಲ್ಲಿಸಲಾರದೆ ಹೇಳಿದ ಸುಳ್ಳಿಗೂ ಇನ್ನೊಬ್ಬರ ಗಂಟು ಹೊಡೆಯಲು ಹೇಳಿದ ಸುಳ್ಳಿಗೂ ಚೇತನ ಒಂದೇ ಅಲ್ಲ. ಆ ಸುಳ್ಳನ್ನು ಹುಟ್ಟಿಸಿದ್ದು ಕೇಳಬಾರದ ಪ್ರಶ್ನೆ.

ಆದರೂ ಒಂದು ಮಾತು. ಅಡ್ವಾನ್ಸ್ ಒಂದು ಸಲ ಕೊಟ್ಟರೆ ಮುಗಿಯಿತು, ಈ ಸುಳ್ಳಿಗೆ ತಿಂಗಳು ತಿಂಗಳೂ ಬಾಡಿಗೆ ಕಟ್ಟಬೇಕು. ಊರಿಂದ ಅವ್ವ ಬಂದರೆ ಜಗುಲಿಯಲ್ಲಿ ಕೂತು ಮಾತಾಡಬೇಡ ಎನ್ನಬೇಕು. ಏಪ್ರಿಲ್ 14ರಂದು ಬಾಗಿಲು ಹಾಕಿಕೊಂಡು ದೀಪ ಹಚ್ಚಬೇಕು. ಬಾಬಾಸಾಹೇಬರ ಫೋಟೊ ಬೀರುವಿನೊಳಗೆ ಇರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಸ್ಕೂಲಿಗೆ ಹೋಗುವ ಮಗುವಿಗೆ ತನ್ನನ್ನು ಬಚ್ಚಿಟ್ಟುಕೊಳ್ಳುವುದನ್ನು ಹೇಳಿಕೊಡಬೇಕು.

ನಾನು ಮನೆ ಹುಡುಕುವಾಗ ಓನರ್ ತಾಯಿಯೊಬ್ಬರು, "ಮೇಷ್ಟ್ರಾ? ಒಳ್ಳೇದಾಯ್ತು. ಮನೆದೇವ್ರು ಯಾವುದು?" ಎಂದರು. "ನಾವು ಬೌದ್ಧರು ಅಮ್ಮ" ಎಂದೆ. "ಹಂಗಂದ್ರೆ ಜೈನರ ಥರಾನಾ?" ಎಂದು ಮುಖ ಅರಳಿಸಿದರು. ಸುಮ್ಮನೆ ತಲೆಯಾಡಿಸಿದ್ದರೆ ಬೀಗದ ಕೈ ಸಿಗುತ್ತಿತ್ತು. "ಅಲ್ಲಮ್ಮ, ಅಂಬೇಡ್ಕರ್ ಅವರು ತೋರಿಸಿದ ದಾರಿಯವರು" ಎಂದೆ. ಮಗನನ್ನು ಕೇಳಿ ಹೇಳ್ತೀನಿ ಎಂದು ಒಳಗೆ ಹೋದರು. ಫೋನ್ ಬರಲಿಲ್ಲ. ಆಮೇಲೆ ಸಿಕ್ಕ ಮನೆ ಸ್ಕೂಲಿಗೆ ದೂರ, ಬಾಡಿಗೆ ಎರಡು ಸಾವಿರ ಹೆಚ್ಚು. ಫೋಟೊ ಮಾತ್ರ ಹಾಲಿನಲ್ಲೇ ಇದೆ. ಆದರೆ ಆ ಎರಡು ಸಾವಿರ ಕೊಡಲು ನನಗೆ ಸಂಬಳವಿತ್ತು. ದಿನಗೂಲಿಯವರಿಗೆ ಅದು ಎಲ್ಲಿಂದ ಬರಬೇಕು? ನನ್ನ ನಿಜವನ್ನು ಅಳತೆಗೋಲು ಮಾಡಿಕೊಂಡು ಇನ್ನೊಬ್ಬರ ಶೀಲ ಅಳೆಯುವ ಹಕ್ಕು ನನಗಿಲ್ಲ.

ನಿಜಕ್ಕೂ ಸುಳ್ಳಿಗೂ ನಡುವೆ ಇನ್ನೂ ದಾರಿಗಳಿವೆ. ಅಂಗುತ್ತರ ನಿಕಾಯದಲ್ಲಿ ಭಗವಾನ್ ಬುದ್ಧರು ಪ್ರಶ್ನೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ: ನೇರವಾಗಿ ಉತ್ತರಿಸಬೇಕಾದವು, ಬಿಡಿಸಿ ಹೇಳಬೇಕಾದವು, ಮರುಪ್ರಶ್ನೆ ಹಾಕಬೇಕಾದವು, ಬದಿಗಿಡಬೇಕಾದವು. "ಜಾತಿ ಗೊತ್ತಾದರೆ ಬಾಡಿಗೆ ಸರಿಯಾಗಿ ಬರುತ್ತದೆಯೇ ಸ್ವಾಮಿ?" ಎಂದು ಕೇಳುವುದು ಸುಳ್ಳಲ್ಲ. "ಅದು ಬೇಡ, ಕೆಲಸದ ವಿವರ ಕೊಡುತ್ತೇನೆ" ಎನ್ನುವುದೂ ಸುಳ್ಳಲ್ಲ. ಮನೆ ಸಿಗದೆ ಹೋಗಬಹುದು, ತಲೆಯಂತೂ ತಗ್ಗುವುದಿಲ್ಲ.

ಈಗ ಪ್ರಶ್ನೆಯನ್ನು ನಮ್ಮ ಕಡೆಗೂ ತಿರುಗಿಸೋಣ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಹೆಸರು ಹೇಳಿ ಅಲ್ಲಿ ಭೇದ ಕೂಡದು ಎನ್ನುತ್ತದೆ. ಆ ಪಟ್ಟಿಯಲ್ಲಿ ಬಾಡಿಗೆ ಮನೆಯ ಹೆಸರಿಲ್ಲ. ಆದ್ದರಿಂದ ಬಾಗಿಲು ತೆರೆಯುವುದು ಬಹುಮಟ್ಟಿಗೆ ಬೀಗದ ಕೈ ಹಿಡಿದವರ ಮನಸ್ಸಿಗೆ ಬಿಟ್ಟದ್ದು. ಇಂದು ನಮ್ಮಲ್ಲೂ ಕೆಲವರು ಸೈಟು ಕೊಂಡು, ಮೇಲೊಂದು ಮಹಡಿ ಕಟ್ಟಿ, ಟು-ಲೆಟ್ ಬೋರ್ಡು ಹಾಕಿದ್ದೇವೆ.

ಚುಲ್ಲವಗ್ಗದಲ್ಲಿ ಒಂದು ಪ್ರಸಂಗವಿದೆ. ಶ್ರಾವಸ್ತಿಯ ದಾರಿಯಲ್ಲಿ ಕೆಲವು ಭಿಕ್ಷುಗಳು ಮುಂದಾಗಿ ಹೋಗಿ, ಇದು ನಮ್ಮ ಗುರುಗಳಿಗೆ, ಇದು ನಮಗೆ ಎಂದು ಮಲಗುವ ಜಾಗವನ್ನೆಲ್ಲ ಹಿಡಿದುಕೊಂಡರು. ಹಿಂದೆ ಬಂದ ಸಾರಿಪುತ್ತರಿಗೆ ಜಾಗವಿಲ್ಲ. ರಾತ್ರಿಯೆಲ್ಲ ಮರದ ಕೆಳಗೆ ಕುಳಿತರು. ಬೆಳಗಿನ ಜಾವ ಅವರ ಕೆಮ್ಮು ಕೇಳಿ ಬುದ್ಧರಿಗೆ ವಿಷಯ ತಿಳಿಯಿತು. ಮೊದಲ ಆಸನ ಯಾರಿಗೆ ಸಲ್ಲಬೇಕೆಂದು ಭಿಕ್ಷುಗಳನ್ನು ಕೇಳಿದರೆ ಕೆಲವರು ಕ್ಷತ್ರಿಯ ಕುಲದವನಿಗೆ ಎಂದರು, ಕೆಲವರು ಬ್ರಾಹ್ಮಣ ಕುಲದವನಿಗೆ ಎಂದರು. ಬುದ್ಧರು ಕುಲವನ್ನು ಪಕ್ಕಕ್ಕಿಟ್ಟು ಹಿರಿತನವನ್ನು ನಿಯಮ ಮಾಡಿದರು. ಅದೇ ಅಧ್ಯಾಯದಲ್ಲಿ ರಾಜಗೃಹದ ಶ್ರೇಷ್ಠಿಯೊಬ್ಬ ಅರವತ್ತು ವಿಹಾರ ಕಟ್ಟಿಸಿ, ನಾಲ್ಕು ದಿಕ್ಕುಗಳಿಂದ ಬಂದಿರುವ, ಇನ್ನು ಬರಲಿರುವ ಸಂಘಕ್ಕೆಲ್ಲ ಕೊಡುತ್ತಾನೆ. ಬಾಬಾಸಾಹೇಬರು ದಾದರ್‌ನಲ್ಲಿ ಕಟ್ಟಿಸಿದ ತಮ್ಮ ಮನೆಗೆ ಇಟ್ಟದ್ದೂ ಅದೇ ಊರಿನ ಹೆಸರು.

ನಮ್ಮ ಗೇಟಿಗೆ ಪೌರಕಾರ್ಮಿಕರ ಕುಟುಂಬ ಬಂದರೆ, ಮುಸ್ಲಿಂ ದಂಪತಿ ಬಂದರೆ, ಒಂಟಿ ಹೆಣ್ಣುಮಗಳು ಬಂದರೆ, ಎಡಗೈಯವರ ಮನೆಗೆ ಬಲಗೈಯವರು, ಬಲಗೈಯವರ ಮನೆಗೆ ಎಡಗೈಯವರು ಬಂದರೆ ನಮ್ಮ ಬಾಯಿಂದ ಯಾವ ಪ್ರಶ್ನೆ ಬರುತ್ತದೆ? ನಾವೂ "ಯಾವ ಕಡೆಯವರು?" ಎಂದರೆ, ಇನ್ನೊಬ್ಬರನ್ನು ಸುಳ್ಳಿಗೆ ನೂಕಿದಂತೆ. ಸುಳ್ಳು ಹೇಳದಿರುವುದು ನಾಲ್ಕನೆಯ ಶೀಲದ ಅರ್ಧ ಎಂದು ನನಗನಿಸುತ್ತದೆ. ಯಾರೂ ಸುಳ್ಳು ಹೇಳಬೇಕಾಗದಂತೆ ಬಾಳುವುದು ಉಳಿದರ್ಧ.

ಇಂದಿನ ಅಭ್ಯಾಸ: ಹೊಸಬರನ್ನು ಭೇಟಿಯಾದಾಗ ಅವರ ಕುಲವನ್ನು ತಿಳಿಯಲೆಂದೇ ಹುಟ್ಟುವ ಪ್ರಶ್ನೆಯನ್ನು ನಾಲಗೆಯ ಮೇಲೆ ಬರುವ ಮೊದಲೇ ಗುರುತಿಸೋಣ. ಗುರುತಿಸಿ, ಬಿಟ್ಟುಬಿಡೋಣ. ಬಾಡಿಗೆ ಕೊಡುವವರು ಒಂದು ಹೆಜ್ಜೆ ಮುಂದೆ ಹೋಗಿ, ಖಾಲಿ ಮನೆಯಿದ್ದರೆ ಈ ಬಳಗದಲ್ಲಿ ತಿಳಿಸಿ. ಅಲೆಯುತ್ತಿರುವವರು ನಮ್ಮಲ್ಲೇ ಇದ್ದಾರೆ.

ಭವತು ಸಬ್ಬ ಮಂಗಳಂ.