ಆಡುಮಾತು ಬಂದರೆ ಊರು ಬಂತೇ?

ಪತ್ರಿಕೆಗಳ ವಿಶೇಷಾಂಕಗಳ ಕಥೆಗಳಲ್ಲಿ ಒಂದು ಏರ್ಪಾಡು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಪಾತ್ರಗಳು ಕುಂದಾಪುರದ ಮಾತನ್ನೋ ರಾಯಚೂರಿನ ಮಾತನ್ನೋ ಆಡುತ್ತವೆ. ನಿರೂಪಕ ಮಾತ್ರ ಪಠ್ಯಪುಸ್ತಕದ ಕನ್ನಡ ಬಿಟ್ಟು ಕದಲುವುದಿಲ್ಲ. ಅಷ್ಟಕ್ಕೇ ಕಥೆಗೆ ‘ಪ್ರಾದೇಶಿಕ ಸೊಗಡು’ ಬಂತೆಂದು ನಾವು ಬೆನ್ನು ತಟ್ಟುತ್ತೇವೆ. (ಮಾಸ್ತಿಯವರ ಕನ್ನಡವೂ ಹಳೇ ಮೈಸೂರೆಂಬ ಒಂದು ಪ್ರದೇಶದ್ದೇ. ಅದಕ್ಕೆ ಯಾರೂ ಈ ಪಟ್ಟ ಕಟ್ಟಲಿಲ್ಲ.) ಮಾತು ಊರಿನ ಗುರುತು ಹೌದು. ಆದರೆ ಕಥೆ ಒಂದು ಊರಿಗೆ ಕಟ್ಟುಬೀಳುವುದು ಅಷ್ಟರಿಂದಲೇ ಅಲ್ಲ.

ದೇವನೂರ ಮಹಾದೇವರ ‘ಒಡಲಾಳ’ವನ್ನೇ ನೋಡಿ, ನೀಳ್ಗತೆ ಎನ್ನಿ, ಕಿರುಕಾದಂಬರಿ ಎನ್ನಿ. ಸಾಕವ್ವನ ಮನೆಗೆ ಕದ್ದ ಕಡಲೆಕಾಯಿ ಮೂಟೆ ಬರುತ್ತದೆ. ಮನೆಮಂದಿಯೆಲ್ಲ ಕೂತು ರಾತ್ರಿಯಲ್ಲೇ ತಿಂದು ಮುಗಿಸುತ್ತಾರೆ. ಆಮೇಲೆ ಪೊಲೀಸರು ಬಂದು ತಡಕಾಡುತ್ತಾರೆ. ಅಲ್ಲಿನ ಮಾತಿನ ರುಚಿಯನ್ನು ಅಲ್ಲಗಳೆಯಲಾರೆ. ಆದರೆ ಕಥೆಯನ್ನು ಆ ಸೀಮೆಗೆ ಬಿಗಿದು ಕಟ್ಟಿರುವುದು ಆ ಕಡಲೆಕಾಯಿ: ದುಡಿದ ಮೈ ಯಾರದು, ಮೂಟೆ ಯಾರ ವಶದಲ್ಲಿತ್ತು, ಹಸಿದ ಹೊಟ್ಟೆ ಯಾರದು. ಸಂಭಾಷಣೆಯನ್ನು ಶಿಷ್ಟ ಕನ್ನಡಕ್ಕೆ ತಿದ್ದಿದರೆ ಕಥೆ ಸೊರಗೀತು, ಸಾಯಲಾರದು. ಮೂಟೆಯ ಒಡೆಯನನ್ನು ಬದಲಿಸಿದರೆ ಕಥೆಯೇ ಉಳಿಯದು.

ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ಇದನ್ನು ಬೇರೆ ದಿಕ್ಕಿನಿಂದ ತೋರಿಸುತ್ತವೆ. ಅವರ ಎಷ್ಟೋ ಪಾತ್ರಗಳು ನಿಜಬದುಕಿನಲ್ಲಾದರೆ ಆಡುತ್ತಿದ್ದುದು ಮರಾಠಿ ಇಲ್ಲವೇ ಹಿಂದಿ. ಆಡುಮಾತಿನ ಊರುಗೋಲು ಕಥೆಗಾರನಿಗೆ ಸಿಗುವುದೇ ಇಲ್ಲ. ಆದರೂ ಆ ಕಥೆಗಳು ಮುಂಬಯಿ ಬಿಟ್ಟು ಕದಲುವುದಿಲ್ಲ. ‘ದಗಡೂ ಪರಬನ ಅಶ್ವಮೇಧ’ದಲ್ಲಿ ದಿಬ್ಬಣದ ಕುದುರೆ ಬೆದರಿ ಮದುಮಗನನ್ನು ಹೊತ್ತು ಓಡುತ್ತದೆ. ಅದೇ ಕುದುರೆ ಅಂಕೋಲೆಯಲ್ಲೋ ಶಿರಸಿಯಲ್ಲೋ ಓಡಿದ್ದರೆ ಮುಂದಿನ ತಿರುವಿನಲ್ಲೇ ಯಾರಾದರೂ ‘ಇಂಥವರ ಮಗ’ ಎಂದು ಗುರುತು ಹಿಡಿದು ಮಂಟಪಕ್ಕೆ ಕರೆತರುತ್ತಿದ್ದರು. ಗುರುತಿಲ್ಲದ ಜನಸಾಗರದಲ್ಲಿ ಮದುಮಗನೊಬ್ಬ ಕಳೆದುಹೋಗಬಹುದಾದ ನಗರದಲ್ಲಿ ಮಾತ್ರ ಅದು ಕಥೆ.

ಹಾಗೆಂದು ಮಾತು ಬರೀ ಒಡವೆಯೇ? ಅಲ್ಲ. ದೇವನೂರರದೇ ಕಾದಂಬರಿ ‘ಕುಸುಮಬಾಲೆ’ಯಲ್ಲಿ ನಂಜನಗೂಡು ಕಡೆಯ ಮಾತು ಪಾತ್ರಗಳ ಬಾಯಲ್ಲಷ್ಟೇ ಇಲ್ಲ, ನಿರೂಪಣೆಯೂ ಅದೇ. ಓದಲು ಕಷ್ಟವೆಂಬ ದೂರು ಬಂತು, ನಿಜವೂ ಹೌದು. ಆದರೆ ಅಲ್ಲಿ ಊರನ್ನು ಹೊರಗಿನವನೊಬ್ಬ ಬೆರಳಿಟ್ಟು ತೋರಿಸುತ್ತಿಲ್ಲ, ಊರೇ ತನ್ನ ಪಾಡು ಹೇಳಿಕೊಳ್ಳುತ್ತಿದೆ. ನಿರೂಪಕ ಶಿಷ್ಟ ಕನ್ನಡದ ಕುರ್ಚಿಯಲ್ಲಿ ಕೂತು, ಹಳ್ಳಿಗರ ಮಾತನ್ನು ಉದ್ಧರಣ ಚಿಹ್ನೆಗಳೊಳಗೆ ಹಾಕಿ ಪ್ರದರ್ಶಿಸುವ ಕಥೆಗೆ ಆ ಬಲ ಬಾರದು. ಅದು ಆ ಊರಿನ ಕಥೆಯಲ್ಲ, ಊರಿಗೆ ಹೋಗಿ ಬಂದವರ ವರದಿ.

ಹೊಸದಾಗಿ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಅಜ್ಜಿಯ ಬಾಯಿಂದ ಅಪರೂಪದ ಪದಗಳನ್ನು ಹೆಕ್ಕುವ ಮುನ್ನ ಆ ಊರಿನಲ್ಲಿ ಹೆಣ್ಣಾಳಿಗೆ ಕೂಲಿ ಎಷ್ಟು, ಬೇಸಿಗೆಯಲ್ಲಿ ನೀರು ಯಾರ ಬಾವಿಯದು, ಯಾರ ಮನೆಯ ಸಾಲ ಯಾರ ಬಳಿ ಇದೆ ಎಂದು ವಿಚಾರಿಸಿಕೊಳ್ಳಿ.