ಸರಳತೆಗೆ ಎಷ್ಟು ಚದರ ಅಡಿ?

ಬೆಂಗಳೂರಿನಲ್ಲಿ ಮನೆ ಕಟ್ಟಿಸುವ, ಒಳಾಂಗಣ ಸಿಂಗರಿಸುವ ವ್ಯವಹಾರದಲ್ಲಿ ಈಚೆಗೆ 'ಜಪಾಂಡಿ' ಎಂಬ ಪದ ಚಲಾವಣೆಗೆ ಬಂದಿದೆ. ಜಪಾನನ್ನೂ ಸ್ಕ್ಯಾಂಡಿನೇವಿಯವನ್ನೂ ಕೂಡಿಸಿ ಹೊಲಿದ ಪದ. ತಿಳಿಬಣ್ಣದ ಮರ, ಸುಣ್ಣದ ಗೋಡೆ, ನೆಲಕ್ಕೆ ಹತ್ತಿದಂಥ ಮಂಚ, ಮೂಲೆಯಲ್ಲೊಂದು ಹೂಜಿ, ಉಳಿದದ್ದೆಲ್ಲ ಖಾಲಿ. ಮೇಲೆ ಸೋಲಾರ್, ಕೆಳಗೆ ಮಳೆನೀರಿನ ತೊಟ್ಟಿ. ಬೆಳ್ಳಂದೂರಿನ ಸುತ್ತ ಇಂಥ ವಿಲ್ಲಾದ ಬೆಲೆಯನ್ನು ಕೋಟಿಗಳಲ್ಲೇ ಎಣಿಸಬೇಕು. ಇಷ್ಟು ಕೊಟ್ಟು ಕೊಂಡ ಸರಳತೆಯನ್ನು ಸರಳತೆ ಎನ್ನಬಹುದೇ?

ಸ್ವೀಡನ್ನಿನವರಲ್ಲಿ 'ಲಾಗೊಮ್' ಎಂಬ ಮಾತಿದೆ: ಹೆಚ್ಚೂ ಬೇಡ, ಕಡಿಮೆಯೂ ಬೇಡ. ಕನ್ನಡದ ಹಿತಮಿತ. ಉರ್ದುವಿನಲ್ಲಿ ಕಿಫಾಯತ್, ಆ ಪದದ ಅರಬಿ ಬೇರಿನಲ್ಲಿ 'ಸಾಕು' ಎಂಬ ಅರ್ಥವಿದೆ. ನಮ್ಮ ಮನೆಗಳಲ್ಲಿ ಹಿರಿಯರು ಕಿಫಾಯತ್ ಎಂದರೆ ಎಣ್ಣೆ ಸುರಿಯುವ ಕೈ ತಾನಾಗಿ ತಡೆಯುತ್ತಿತ್ತು. ಈ ಮೂರೂ ಪದ ಹೇಳುವುದು ಅಳತೆಯ ಮಾತು. ಗೋಡೆಯ ಬಣ್ಣದ ಮಾತು ಅವುಗಳಲ್ಲಿಲ್ಲ.

ಜಪಾನಿನ ಕಡೆಯದೂ ನೋಡೋಣ. ಚಹಾಗುರು ಸೆನ್ ನೊ ರಿಕ್ಯು (1522–1591) ಕಟ್ಟಿಸಿದನೆನ್ನುವ 'ತೈಆನ್' ಎಂಬ ಚಹಾಕೋಣೆ ಕ್ಯೋಟೊ ಬಳಿಯ ಯಾಮಾಝಾಕಿಯಲ್ಲಿ ಇಂದೂ ಇದೆ. ಎರಡು ಚಾಪೆ ಹಾಸುವಷ್ಟು ಜಾಗ, ಸುಮಾರು 35 ಚದರ ಅಡಿ. ಮಣ್ಣಿನ ಗೋಡೆ. ಬಾಗಿಲು ಎಷ್ಟು ಕುಳ್ಳೆಂದರೆ ಯಾರೇ ಬಂದರೂ ಮಂಡಿಯೂರಿ ನುಸುಳಬೇಕು. ಇಂಥ ಕೋಣೆಗೆ ಬರುವ ಸಮುರಾಯ್ ಕತ್ತಿಯನ್ನು ಹೊರಗೇ ಬಿಡಬೇಕಿತ್ತು. ಹಾಗೆಂದು ರಿಕ್ಯುವನ್ನು ಸಂತನನ್ನಾಗಿಸಬೇಕಿಲ್ಲ. ಆತ ಊಳಿಗದಲ್ಲಿದ್ದುದು ಟೊಯೊಟೊಮಿ ಹಿದೆಯೋಶಿಯ ಬಳಿ. ಆ ದೊರೆ ಬಂಗಾರ ಹೊದಿಸಿದ ಚಹಾಕೋಣೆಯನ್ನೂ ಮಾಡಿಸಿದ್ದ! ಗುಡಿಸಲಿನ ಸೊಗಸನ್ನು ಸಿರಿವಂತರು ಸವಿಯುವುದು ಹೊಸತೇನಲ್ಲ. ಕೊನೆಗೆ ಅದೇ ದೊರೆಯ ಆಜ್ಞೆಯಂತೆ ರಿಕ್ಯು ಪ್ರಾಣ ಕಳೆದುಕೊಳ್ಳಬೇಕಾಯಿತು.

ಇದಕ್ಕೆ ಹತ್ತಿರದ ಕತೆ ನಮ್ಮಲ್ಲೂ ಇದೆ. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಕೇಂದ್ರ ಆರಂಭಿಸಿದರು. ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಮಾಡುವ ಇಟ್ಟಿಗೆಯನ್ನು ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಅಲ್ಲಿ ಹದಕ್ಕೆ ತಂದರು. ಇಂದು ಅಂಥ ಇಟ್ಟಿಗೆ ನಗರದ ಅನುಕೂಲಸ್ಥರ ಮನೆಗಳಲ್ಲಿ ಪ್ಲಾಸ್ಟರಿಲ್ಲದೆ ಮೆರೆಯುತ್ತದೆ. ಹಳ್ಳಿಯವನೋ, ನಾಲ್ಕು ಕಾಸು ಕೂಡಿದರೆ ಕಾಂಕ್ರೀಟಿಗೆ ಆಸೆಪಡುತ್ತಾನೆ. ಅವನನ್ನು ದೂರಲು ನಮಗೆ ಬಾಯಿಲ್ಲ. ಮಣ್ಣಿನ ಗೋಡೆಯನ್ನು ಅವನು ಆರಿಸಿಕೊಂಡಿರಲಿಲ್ಲವಲ್ಲ.

ಶ್ರೀಮಂತರು ಇಟಾಲಿಯನ್ ಮಾರ್ಬಲ್ಲು ಬಿಟ್ಟು ಮಣ್ಣಿಗೆ ಬಂದರೆ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಒಳ್ಳೆಯದೇ. ಆದರೆ ಮನೆ ಕಾಂಪೌಂಡಿಗೆ ಮುಗಿಯುವುದಿಲ್ಲ.

ಬೆಳ್ಳಂದೂರು ಕೆರೆ ಸುಮಾರು 900 ಎಕರೆಯದು. ನಗರದ ಕೊಳಚೆ ಹರಿದು ಹರಿದು 2015ರಲ್ಲಿ ಅದರ ನೊರೆ ರಸ್ತೆಗೆ ಬಂತು, ಬೆಂಕಿಯೂ ಹತ್ತಿತು. 2018ರ ಜನವರಿಯಲ್ಲಿ ಮತ್ತೆ ಹೊತ್ತಿಕೊಂಡಾಗ ಆರಿಸಲು ಸೈನಿಕರೇ ಬಂದರು. 2022ರ ಸೆಪ್ಟೆಂಬರಿನಲ್ಲಿ ಮಳೆನೀರು ಯಮಲೂರಿನ ವಿಲ್ಲಾಗಳಿಗೆ ನುಗ್ಗಿ, ಕೋಟ್ಯಧೀಶರು ಟ್ರ್ಯಾಕ್ಟರು, ದೋಣಿ ಹತ್ತಿ ಹೊರಬಂದರು. ಗೋಡೆ ಮಣ್ಣಿನದೋ ಮಾರ್ಬಲ್ಲಿನದೋ ನೀರು ನೋಡುವುದಿಲ್ಲ. ಅದಕ್ಕೆ ತಗ್ಗು ಗೊತ್ತು, ಹಳೆಯ ಕಾಲುವೆ ಗೊತ್ತು.

ಇದೇ ಬೆಳ್ಳಂದೂರಿನ ಕರಿಯಮ್ಮನ ಅಗ್ರಹಾರದಲ್ಲಿ 2020ರ ಜನವರಿಯಲ್ಲಿ ವಲಸೆ ಕೂಲಿಗಳ ತಗಡು, ಟಾರ್ಪಾಲಿನ ಶೆಡ್ಡುಗಳನ್ನು ಕೆಡವಲಾಯಿತು. ಅಲ್ಲಿರುವವರು ಬಾಂಗ್ಲಾದೇಶದವರೆಂಬ ಗುಲ್ಲೆದ್ದಿತ್ತು. ಇದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಸೇರಿದ್ದರು. ಕಟ್ಟಡ ಕೂಲಿಗಳು, ಸೆಕ್ಯುರಿಟಿಯವರು, ಮನೆಗೆಲಸದವರು. ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ನ್ಯಾಯಾಲಯ ಆ ತೆರವನ್ನು ಒಪ್ಪಲಿಲ್ಲ. ಅಷ್ಟರಲ್ಲಿ ಶೆಡ್ಡುಗಳು ನೆಲಸಮವಾಗಿದ್ದವು. ಚಾಪೆ ಹಾಸಿದರೆ ಮುಗಿದುಹೋಗುವ ಜಾಗ ಅವರದೂ. ಅದನ್ನು ಯಾರೂ ಸೌಂದರ್ಯವೆನ್ನಲಿಲ್ಲ.

ರಿಕ್ಯುವಿನ ಬಾಗಿಲಲ್ಲಿ ಬಗ್ಗಬೇಕಾದವನು ಕತ್ತಿಯುಳ್ಳವನು. ನಮ್ಮ ವಿಲ್ಲಾಗಳ ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಿ ಹೋಗಬೇಕಾದವಳು ಕೆಲಸದಾಕೆ. ಇಂಥ ಮನೆ ಕೊಳ್ಳುವವರು ಮರ ಯಾವ ದೇಶದ್ದೆಂದು ಕೇಳುತ್ತಾರೆ, ತೊಟ್ಟಿಗೆ ಎಷ್ಟು ಲೀಟರ್ ಹಿಡಿಯುತ್ತದೆಂದು ಕೇಳುತ್ತಾರೆ. ಈ ನೆಲದಲ್ಲಿ ಮೊದಲು ನೀರು ಯಾವ ಕಡೆ ಹರಿಯುತ್ತಿತ್ತು, ನಾಳೆ ಇಲ್ಲಿ ಕಸ ಗುಡಿಸಲು ಬರುವಾಕೆ ರಾತ್ರಿ ಎಲ್ಲಿ ಮಲಗುತ್ತಾಳೆ ಎಂದೂ ಕೇಳಬಹುದಲ್ಲ?