ನಾಣ್ಯದ ನ್ಯಾಯವೂ ಸರದಿಯ ನ್ಯಾಯವೂ

ಸಮಾನರಾದ ಇಬ್ಬರ ನಡುವೆ ಒಂದು ವಿಷಯವನ್ನು ತೀರ್ಮಾನಿಸಬೇಕಾಗಿ ಬಂದು ಬೇರಾವ ಆಧಾರವೂ ದೊರೆಯದಿದ್ದಾಗ ಚೀಟಿ ಎತ್ತುವುದು, ನಾಣ್ಯ ಚಿಮ್ಮುವುದು ಲೋಕರೂಢಿ. ಅದರಲ್ಲಿ ಅನ್ಯಾಯವೇನೂ ಇಲ್ಲ. ಯಾರ ಕಡೆಗೂ ವಾಲದಿರುವುದೇ ನಾಣ್ಯದ ಗುಣ. ಆದರೆ ನಾಣ್ಯಕ್ಕೆ ಎಷ್ಟನ್ನು ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು ಎಂಬುದು ಬೇರೆಯೇ ಪ್ರಶ್ನೆ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಒಕ್ಕೂಟವಾದ ಎನ್.ಎಫ್.ಎಲ್. ಈ ಪ್ರಶ್ನೆಯೊಡನೆ ಅರ್ಧ ಶತಮಾನದಿಂದ ಹೆಣಗುತ್ತಿದೆ. ಆಟದ ಮಾತೆಂದು ವಾಚಕರು ಇದನ್ನು ಲಘುವಾಗಿ ಎಣಿಸಬೇಕಾಗಿಲ್ಲ. ಪಾಲು, ಸರದಿ, ಹಕ್ಕು ಇವುಗಳ ವಿಚಾರ ಇಷ್ಟು ನಿಚ್ಚಳವಾಗಿ ಕಣ್ಣಿಗೆ ಬೀಳುವ ಪ್ರಸಂಗಗಳು ವಿರಳ.

ಇದು ಭಾರತೀಯರು ಬಲ್ಲ ಕಾಲ್ಚೆಂಡಾಟವಲ್ಲ. ಒಂದು ತಂಡ ಚೆಂಡನ್ನು ಕೈಯಲ್ಲಿ ಹಿಡಿದು ಮುನ್ನುಗ್ಗುತ್ತದೆ, ಇನ್ನೊಂದು ಅದನ್ನು ತಡೆಯುತ್ತದೆ. ನಾಲ್ಕು ಪ್ರಯತ್ನಗಳೊಳಗೆ 10 ಗಜ ಮುಂದುವರಿಯಲಾಗದಿದ್ದರೆ ಚೆಂಡು ಎದುರಾಳಿಯ ವಶವಾಗುತ್ತದೆ. ಕೊನೆಯ ಗೆರೆಯನ್ನು ದಾಟಿಸಿದರೆ ಟಚ್‌ಡೌನ್, ಅದಕ್ಕೆ 6 ಅಂಕ. ದೂರದಿಂದ ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, ಅದಕ್ಕೆ 3 ಅಂಕ. ಆಕ್ರಮಣಕ್ಕೆ ಇಳಿಯುವ ಆಟಗಾರರೇ ಬೇರೆ, ರಕ್ಷಣೆಗೆ ಇಳಿಯುವವರೇ ಬೇರೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. 60 ನಿಮಿಷಗಳ ಆಟ ಮುಗಿದಾಗ ಅಂಕಗಳು ಸಮನಾಗಿದ್ದರೆ ಹೆಚ್ಚುವರಿ ಅವಧಿ. ಅದರ ಆರಂಭಕ್ಕೆ ಮತ್ತೊಮ್ಮೆ ಟಾಸ್.

1974ರಲ್ಲಿ ಒಕ್ಕೂಟವು ತನ್ನ ಎಲ್ಲ ಪಂದ್ಯಗಳಿಗೂ ಅನ್ವಯಿಸಿದ ನಿಯಮ ಅತ್ಯಂತ ಸರಳ: ಹೆಚ್ಚುವರಿ ಅವಧಿಯಲ್ಲಿ ಯಾರು ಮೊದಲು ಅಂಕ ಗಳಿಸುವರೋ ಅವರೇ ವಿಜಯಿಗಳು, ಆಟ ಅಲ್ಲಿಗೇ ಮುಕ್ತಾಯ. ಕ್ರಿಕೆಟ್‌ನಲ್ಲಿ ಟಾಸ್ ಗೆದ್ದವರು ಮೊದಲು ಬ್ಯಾಟ್ ಮಾಡಿದರೂ ಎದುರಾಳಿಗೆ ಬ್ಯಾಟಿನ ಸರದಿ ಬಂದೇ ಬರುತ್ತದೆ. ಇಲ್ಲಿ ಹಾಗಲ್ಲ, ಮೊದಲ ಸರದಿಯಲ್ಲಿಯೇ ಒಂದು ಫೀಲ್ಡ್ ಗೋಲ್ ಬಿದ್ದರೆ ಎರಡನೆಯವರ ಕೈಗೆ ಚೆಂಡು ಬಾರದು.

ಹಾಗೆಂದು ಈ ನಿಯಮವನ್ನು ಹುಟ್ಟಿನಿಂದಲೇ ಅನ್ಯಾಯವೆನ್ನುವುದೂ ತಪ್ಪಾದೀತು. ಇದೇ ಕ್ರಮದಲ್ಲಿ ನಿರ್ಣಯವಾದ 1958ರ ಪ್ರಸಿದ್ಧ ಅಂತಿಮ ಪಂದ್ಯದಲ್ಲಿ ಚೆಂಡು ಮೊದಲು ದೊರೆತದ್ದು ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ. ಗೆದ್ದದ್ದು ಬಾಲ್ಟಿಮೋರ್ ಕೋಲ್ಟ್ಸ್, 23-17ರಿಂದ. 1974ರಿಂದ 1993ರವರೆಗಿನ ಲೆಕ್ಕ ತೆಗೆದರೆ ಟಾಸ್ ಗೆದ್ದವರೂ ಸೋತವರೂ ಹೆಚ್ಚುಕಡಿಮೆ ಸಮಪ್ರಮಾಣದಲ್ಲಿಯೇ ಪಂದ್ಯ ಗೆದ್ದಿದ್ದಾರೆ. 1994ರಲ್ಲಿ ಆರಂಭದ ಒದೆತದ ಸ್ಥಳವನ್ನು 5 ಗಜ ಹಿಂದಕ್ಕೆ ಸರಿಸಲಾಯಿತು; ಚೆಂಡು ಪಡೆದವರಿಗೆ ಅಷ್ಟರಮಟ್ಟಿಗೆ ಅನುಕೂಲವಾಯಿತು. ಒದೆಯುವವರ ಗುರಿಯೂ ವರ್ಷದಿಂದ ವರ್ಷಕ್ಕೆ ನಿಖರವಾಗುತ್ತ ಬಂದಿತು. ಅಲ್ಲಿಂದ 2009ರವರೆಗಿನ ಪಂದ್ಯಗಳಲ್ಲಿ ಟಾಸ್ ಗೆದ್ದವರು ನೂರಕ್ಕೆ ಸುಮಾರು 60ರಲ್ಲಿ ಜಯಿಸಿದರೆ, ಸೋತವರು 38ರಷ್ಟರಲ್ಲಿ ಮಾತ್ರ.

ಹೆಚ್ಚುವರಿ ಅವಧಿಯ ನಿಯಮದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಸುತ್ತಲಿನ ಪರಿಸ್ಥಿತಿ ಬದಲಾಗಿ, ನ್ಯಾಯವಾಗಿದ್ದ ನಿಯಮವೇ ಪಕ್ಷಪಾತಿಯಾಯಿತು. ಅಂಗಡಿಯ ತೂಕದ ಬಟ್ಟನ್ನು ಯಾರೂ ಅರೆದು ಕಡಿಮೆ ಮಾಡದಿದ್ದರೂ ಬಳಕೆಯಿಂದಲೇ ಅದು ಸವೆಯುತ್ತದೆ; ಕಾಲಕಾಲಕ್ಕೆ ತಪಾಸಣೆ ಮಾಡಿಸಿ ಮುದ್ರೆ ಹಾಕಿಸಬೇಕೆಂಬ ಕಾನೂನು ಇರುವುದು ಅದಕ್ಕಾಗಿಯೇ. ವ್ಯಾಪಾರಿಯ ಮನಸ್ಸಿನಲ್ಲಿ ಮೋಸವಿಲ್ಲದಿದ್ದ ಮಾತ್ರಕ್ಕೆ ಗಿರಾಕಿಗೆ ಪೂರ್ಣ ತೂಕ ದೊರೆತಂತಾಗುವುದಿಲ್ಲ.

ನಾಣ್ಯದ ಮೇಲೆ ಎಷ್ಟು ಭಾರ ಬಿದ್ದಿತ್ತೆಂಬುದಕ್ಕೆ 1998ರ ನವೆಂಬರಿನ ಪ್ರಸಂಗವೊಂದನ್ನು ಹೇಳಬಹುದು. ಪಿಟ್ಸ್‌ಬರ್ಗ್ ಮತ್ತು ಡೆಟ್ರಾಯಿಟ್ ತಂಡಗಳ ಪಂದ್ಯದಲ್ಲಿ ನಾಣ್ಯ ಗಾಳಿಯಲ್ಲಿರುವಾಗ ಪಿಟ್ಸ್‌ಬರ್ಗಿನ ಆಟಗಾರ ಕೂಗಿದ್ದು ತಲೆಯೋ ಬಾಲವೋ ಎಂಬುದರ ಮೇಲೆಯೇ ವಿವಾದವೆದ್ದಿತು. ಚೆಂಡು ಡೆಟ್ರಾಯಿಟಿಗೆ ಹೋಯಿತು. ಮೊದಲ ಸರದಿಯಲ್ಲಿಯೇ ಫೀಲ್ಡ್ ಗೋಲ್ ಬಿದ್ದು 19-16ಕ್ಕೆ ಆಟ ಮುಗಿಯಿತು. ಅನಂತರ ನಾಣ್ಯವನ್ನು ಚಿಮ್ಮುವ ಮೊದಲೇ ಆಯ್ಕೆಯನ್ನು ಹೇಳಬೇಕೆಂದು ಮಾಡಿದರು. ಕೂಗಿನ ಗೊಂದಲ ನಿವಾರಣೆಯಾಯಿತು, ಮೂಲದೋಷ ಹಾಗೆಯೇ ಉಳಿಯಿತು. (ಟಾಸ್ ಗೆದ್ದೂ ಗಾಳಿಯ ದಿಕ್ಕು ಬೇಕೆಂದು ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟು ಸೋತವರೂ ಇದ್ದಾರೆ, 2002ರಲ್ಲಿ ಅದನ್ನು ಮಾಡಿದ್ದು ಇದೇ ಡೆಟ್ರಾಯಿಟ್. ಭಾಗ್ಯ ಬಂದರೂ ಬಳಸಿಕೊಳ್ಳಲು ಬುದ್ಧಿ ಬೇಕಷ್ಟೆ.)

2010ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡವು ಮೊದಲ ಸರದಿಯ ಫೀಲ್ಡ್ ಗೋಲಿನಿಂದ ಮಿನ್ನೆಸೋಟ ವೈಕಿಂಗ್ಸ್ ತಂಡವನ್ನು 31-28ರಿಂದ ಸೋಲಿಸಿ ಅಂತಿಮ ಪಂದ್ಯಕ್ಕೆ ಏರಿತು. ಆಗ ಮಾಲೀಕರು ಎಚ್ಚೆತ್ತು, ನಿರ್ಣಾಯಕ ಹಂತದ ಪಂದ್ಯಗಳಿಗೆ ಅರ್ಧ ಪರಿಹಾರವೊಂದನ್ನು ಒಪ್ಪಿದರು: ಮೊದಲ ಸರದಿಯಲ್ಲಿ ಫೀಲ್ಡ್ ಗೋಲ್ ಬಿದ್ದರೆ ಎದುರಾಳಿಗೂ ಅವಕಾಶ, ಟಚ್‌ಡೌನ್ ಆದರೆ ಮಾತ್ರ ಆಟ ಮುಗಿಯುತ್ತದೆ. 2012ರಲ್ಲಿ ಇದು ಎಲ್ಲ ಪಂದ್ಯಗಳಿಗೂ ವಿಸ್ತರಿಸಿತು. ಆ 2010ರ ಮತದಾನದಲ್ಲಿ 28 ತಂಡಗಳು ಪರವಾಗಿ, 4 ತಂಡಗಳು ವಿರುದ್ಧವಾಗಿ ನಿಂತವು. ವಿರೋಧಿಸಿದವರಲ್ಲಿ ಆಗಷ್ಟೇ ನೊಂದಿದ್ದ ಮಿನ್ನೆಸೋಟವೂ ಇತ್ತು, ಬಫಲೋ ಬಿಲ್ಸ್ ತಂಡವೂ ಇತ್ತು.

ಮುಂದಿನ ಕಥೆ ವಿಚಿತ್ರವಾದದ್ದು. 2019ರ ಜನವರಿಯಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡವು ತನ್ನದೇ ನೆಲದಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡಕ್ಕೆ 37-31ರಿಂದ ಸೋತಿತು. ಹೆಚ್ಚುವರಿ ಅವಧಿಯಲ್ಲಿ ಅದರ ಆಕ್ರಮಣಕಾರರಿಗೆ ಚೆಂಡು ದೊರೆಯಲೇ ಇಲ್ಲ. ಇಬ್ಬರಿಗೂ ಸರದಿ ಕೊಡಬೇಕೆಂದು ಆ ತಂಡ ಅದೇ ವರ್ಷ ಪ್ರಸ್ತಾವ ಮಂಡಿಸಿತು, ಅದು ಅಂಗೀಕಾರವಾಗಲಿಲ್ಲ. 2022ರ ಜನವರಿ 23ರಂದು ಅದೇ ನೆಲದಲ್ಲಿ ಅದೇ ಕ್ಯಾನ್ಸಸ್ ಸಿಟಿ, ಬಫಲೋ ವಿರುದ್ಧ ಆಡಿತು. ಕೊನೆಯ ಎರಡು ನಿಮಿಷಗಳಲ್ಲಿ ಎರಡೂ ತಂಡಗಳು ಸೇರಿ 25 ಅಂಕ ಗಳಿಸಿ 36-36ಕ್ಕೆ ಸಮನಾದವು. ತಡೆಯಬಲ್ಲವರು ಆ ಹೊತ್ತಿಗೆ ಎರಡೂ ಕಡೆ ಇರಲಿಲ್ಲವೆಂದೇ ಹೇಳಬೇಕು. ಬಫಲೋ ‘ಬಾಲ’ ಎಂದು ಕೇಳಿತು, ನಾಣ್ಯ ‘ತಲೆ’ ತೋರಿಸಿತು. ಕ್ಯಾನ್ಸಸ್ ಸಿಟಿ 75 ಗಜ ಕ್ರಮಿಸಿ ಟಚ್‌ಡೌನ್ ಮಾಡಿತು, 42-36. ಬಫಲೋದ ಜಾಷ್ ಅಲೆನ್ ಅಂಗಳದಂಚಿನಲ್ಲಿ ನಿಂತು ನೋಡುವುದಷ್ಟೇ ಆಯಿತು.

ಇದನ್ನು 2010ರ ಮತಕ್ಕೆ ದೊರೆತ ಫಲವೆಂದು ಸುಲಭವಾಗಿ ವ್ಯಾಖ್ಯಾನಿಸುವುದು ಸಲ್ಲದು. ಮತ ಹಾಕಿದವರು ಮಾಲೀಕರು, ನೊಂದವರು ಆ ಕಾಲಕ್ಕೆ ತಂಡದಲ್ಲಿಯೇ ಇರದಿದ್ದ ತರುಣರು. ವಿಚಾರಣೀಯವಾದದ್ದು ಕ್ಯಾನ್ಸಸ್ ಸಿಟಿಯ ಸ್ಥಿತಿ. ಯಾವ ನಿಯಮವನ್ನು ಅನ್ಯಾಯವೆಂದು ತಾನೇ ಬಾಯಿಬಿಟ್ಟು ಹೇಳಿತ್ತೋ ಅದರ ಲಾಭವನ್ನು ಅದು ಉಂಡದ್ದು ಸರಿಯೇ? ಸರಿಯಲ್ಲವೆನ್ನಲಾಗದು. ತನ್ನ ಮಾತನ್ನು ಸಭೆ ತಳ್ಳಿಹಾಕಿದ ಮೇಲೆ ಜಾರಿಯಲ್ಲಿರುವ ನಿಯಮದಂತೆ ಆಡುವುದು ತಪ್ಪಾಗದು. ಒಬ್ಬನೇ ಬಿಟ್ಟುಕೊಡುವುದರಿಂದ ನಿಯಮ ಸರಿಹೋಗುವುದೂ ಇಲ್ಲ. ಆದರೆ ಗೆದ್ದ ಮೇಲೆಯೂ ಅದೇ ಮಾತನ್ನು ಆಡುವನೋ ಇಲ್ಲವೋ ಎಂಬುದರಲ್ಲಿ ಅವನ ಮೊದಲಿನ ದೂರು ನ್ಯಾಯದ್ದೋ ನಷ್ಟದ್ದೋ ಎಂಬುದು ತಿಳಿಯುತ್ತದೆ.

ಹಳೆಯ ನಿಯಮದ ಪಕ್ಷಪಾತಿಗಳು ಒಂದು ಬಲವಾದ ವಾದವನ್ನು ಮುಂದಿಡುತ್ತಾರೆ. ರಕ್ಷಣೆಯೂ ಆಟದ ಅಂಗವೇ ಅಲ್ಲವೇ? ಎದುರಾಳಿಯನ್ನು ತಡೆದಿದ್ದರೆ ಚೆಂಡು ತಾನಾಗಿ ಬರುತ್ತಿತ್ತು; ತಡೆಯಲಾರದವರು ಸೋತರೆ ದೂರುವುದೇಕೆ? ಈ ಮಾತಿನಲ್ಲಿ ಸತ್ಯಾಂಶವಿದೆ. ಬಫಲೋದ ರಕ್ಷಣಾಪಡೆ ತನ್ನ ಕೆಲಸದಲ್ಲಿ ಸೋತದ್ದು ನಿಜ. ಆದರೆ ಆ ವಾದವನ್ನು ಕೊನೆಯವರೆಗೆ ಕೊಂಡೊಯ್ದರೆ ಅದು ಆಡಿದವರಿಗೇ ತಿರುಗುಬಾಣವಾಗುತ್ತದೆ. ರಕ್ಷಣೆಯೂ ಆಟದ ಅಂಗವಾದರೆ ಗೆದ್ದವರ ರಕ್ಷಣಾಪಡೆಯ ಪರೀಕ್ಷೆ ಎಲ್ಲಿ ನಡೆಯಿತು? ಸೋತವರ ರಕ್ಷಣೆಯನ್ನೂ ಗೆದ್ದವರ ಆಕ್ರಮಣವನ್ನೂ ಎದುರುಬದುರು ನಿಲ್ಲಿಸಿ ತೀರ್ಪು ಕೊಡಲಾಯಿತು. ಉಳಿದರ್ಧವನ್ನು ಕರೆಯಲೇ ಇಲ್ಲ. ವಾದಿಯ ಸಾಕ್ಷಿಗಳನ್ನು ಕೇಳಿ, ಪ್ರತಿವಾದಿಯ ಸಾಕ್ಷಿಗಳನ್ನು ಬಾಗಿಲಲ್ಲೇ ನಿಲ್ಲಿಸಿ ತೀರ್ಪು ಬರೆಯುವ ಪಂಚಾಯಿತಿಯಂತಾಯಿತು ಇದು. ಯಾರ ಸಾಕ್ಷಿಯನ್ನು ಮೊದಲು ಕೇಳಬೇಕೆಂಬುದನ್ನು ನಾಣ್ಯಕ್ಕೆ ಬಿಡಬಹುದು. ಎರಡನೆಯವರ ಸಾಕ್ಷಿಯನ್ನು ಕೇಳಬೇಕೇ ಬೇಡವೇ ಎಂಬುದನ್ನು ಬಿಡಲಾಗದು.

2010ರ ಸುಧಾರಣೆಯ ಬಳಿಕ ನಿರ್ಣಾಯಕ ಹಂತದ 12 ಪಂದ್ಯಗಳು ಹೆಚ್ಚುವರಿ ಅವಧಿಗೆ ಹೋಗಿದ್ದವು. 10ರಲ್ಲಿ ಟಾಸ್ ಗೆದ್ದವರೇ ಗೆದ್ದರು, ಅವುಗಳಲ್ಲಿ 7 ಮೊದಲ ಸರದಿಯಲ್ಲಿಯೇ. 2022ರ ಮಾರ್ಚಿನಲ್ಲಿ 29 ಮತಗಳು ಪರವಾಗಿ, 3 ವಿರುದ್ಧವಾಗಿ ಬಿದ್ದು, ಆ ಹಂತದ ಪಂದ್ಯಗಳಲ್ಲಿ ಒಂದೆರಡು ವಿರಳ ಪ್ರಸಂಗಗಳನ್ನು ಬಿಟ್ಟು ಇಬ್ಬರಿಗೂ ಚೆಂಡು ಸಿಗಲೇಬೇಕೆಂದಾಯಿತು. 2025ರ ಏಪ್ರಿಲಿನಲ್ಲಿ ಇತರ ಪಂದ್ಯಗಳಿಗೂ ಅದು ವಿಸ್ತರಿಸಿತು.

ಇದರಿಂದ ಸಮತೆ ಪೂರ್ಣವಾಯಿತೇ? ಇಲ್ಲ. ಎರಡನೆಯವರಿಗೆ ಎಷ್ಟು ಅಂಕ ಬೇಕೆಂಬುದು ತಿಳಿದಿರುತ್ತದೆ, ಇದು ಅವರ ಅನುಕೂಲ; ಎರಡು ಸರದಿಗಳ ನಂತರವೂ ಸಮನಾಗಿದ್ದರೆ ಮೂರನೆಯ ಸರದಿಯಲ್ಲಿ ಯಾವ ಅಂಕ ಬಂದರೂ ಆಟ ಮುಗಿಯುತ್ತದೆ, ಇದು ಮೊದಲಿನವರ ಅನುಕೂಲ. 2024ರ ಫೆಬ್ರವರಿಯ ಅಂತಿಮ ಪಂದ್ಯದಲ್ಲಿ ಟಾಸ್ ಗೆದ್ದ ಸ್ಯಾನ್ ಫ್ರಾನ್ಸಿಸ್ಕೋ ತಂಡದ ತರಬೇತುದಾರ ಕೈಲ್ ಶಾನಹನ್ ಆ ಮೂರನೆಯ ಸರದಿಯ ಆಸೆಯಿಂದಲೇ ಚೆಂಡನ್ನು ಮೊದಲು ಪಡೆದರು. ಅವರಿಗೆ ದೊರೆತದ್ದು 3 ಅಂಕ. ಕ್ಯಾನ್ಸಸ್ ಸಿಟಿ ಟಚ್‌ಡೌನಿನಿಂದ ಉತ್ತರಿಸಿ 25-22ರಿಂದ ಗೆದ್ದಿತು. ಪಂದ್ಯದ ಬಳಿಕ ಸ್ಯಾನ್ ಫ್ರಾನ್ಸಿಸ್ಕೋದ ಕೆಲವು ಆಟಗಾರರು ಹೊಸ ನಿಯಮವೇ ತಮಗೆ ತಿಳಿದಿರಲಿಲ್ಲವೆಂದರು. ನ್ಯಾಯವನ್ನು ಒದಗಿಸುವುದು ನಿಯಮದ ಹೊಣೆ. ಅದನ್ನು ಓದಿಕೊಳ್ಳುವ ಹೊಣೆ ಆಡುವವರದೇ.

ಇದೆಲ್ಲದರ ನಡುವೆ ಅತ್ಯಂತ ಚತುರವಾದ ಸಲಹೆ 2021ರಲ್ಲಿ ಬಂದಿತು. ತಂದವರು ಹಿಂದೆ 2010ರ ಸುಧಾರಣೆಯನ್ನು ವಿರೋಧಿಸಿದ್ದ ಬಾಲ್ಟಿಮೋರ್ ರೇವನ್ಸ್ ತಂಡದವರು. ಆಟವನ್ನು ಮೈದಾನದ ಯಾವ ಗಜದಿಂದ ಆರಂಭಿಸಬೇಕೆಂದು ಒಬ್ಬರು ಗುರುತಿಸಬೇಕು; ಅಲ್ಲಿಂದ ಆಕ್ರಮಣವೋ ರಕ್ಷಣೆಯೋ ಎಂಬುದನ್ನು ಇನ್ನೊಬ್ಬರು ಆರಿಸಬೇಕು. ಅಣ್ಣ ಪಾಲು ಮಾಡಿ, ತಮ್ಮ ಮೊದಲು ಎತ್ತಿಕೊಳ್ಳುವ ಮನೆಗಳಲ್ಲಿ ಇದು ಹೊಸದೇನಲ್ಲ. ಪಾಲು ಮಾಡುವವನ ಕೈ ತಾನಾಗಿಯೇ ನೇರವಾಗುತ್ತದೆ. ಹೆಚ್ಚು ಕಡಿಮೆ ಮಾಡಿದರೆ ಕಡಿಮೆಯದು ತನಗೇ ಉಳಿಯುತ್ತದೆ. ಒಕ್ಕೂಟ ಇದನ್ನು ಒಪ್ಪಲಿಲ್ಲ. ಒಪ್ಪಿದ್ದರೆ ಅಂಕಿಅಂಶಗಳ ಗೊಡವೆಯೇ ಬೇಕಿರಲಿಲ್ಲ. ಸವೆದ ಬಟ್ಟನ್ನು ಪ್ರತಿ ಪಂದ್ಯದಲ್ಲಿಯೂ ಆಡುವವರೇ ಪರೀಕ್ಷಿಸಿಕೊಳ್ಳುತ್ತಿದ್ದರು.

ಸಮತೆಗೆ ಒಂದು ಬೆಲೆಯೂ ಇದೆ. ಈ ಆಟದಲ್ಲಿ ಪ್ರತಿ ಸರದಿಯೂ ದೇಹಗಳ ಡಿಕ್ಕಿ. ಆಟಗಾರರ ಸುರಕ್ಷತೆಯನ್ನು ಎಣಿಸಿಯೇ 2017ರಲ್ಲಿ ಸಾಮಾನ್ಯ ಪಂದ್ಯಗಳ ಹೆಚ್ಚುವರಿ ಅವಧಿಯನ್ನು 15ರಿಂದ 10 ನಿಮಿಷಕ್ಕೆ ಇಳಿಸಿದರು. 2025ರಲ್ಲಿ ಮತ್ತೆ 15ಕ್ಕೆ ಏರಿಸುವ ಸಲಹೆ ಬಂದರೂ 10 ನಿಮಿಷವನ್ನೇ ಉಳಿಸಿಕೊಂಡರು. ಸರದಿಯನ್ನು ಇಬ್ಬರಿಗೂ ಕೊಟ್ಟು ಸಮಯಕ್ಕೆ ಕಟ್ಟು ಹಾಕಿದರೆ ಕೆಲವು ಪಂದ್ಯಗಳು ತೀರ್ಮಾನವಿಲ್ಲದೆ ಮುಗಿಯುತ್ತವೆ. 2025ರ ಸೆಪ್ಟೆಂಬರ್ 28ರಂದು ಡಲ್ಲಾಸ್ ಮೊದಲ ಸರದಿಯಲ್ಲಿ ಫೀಲ್ಡ್ ಗೋಲ್ ಗಳಿಸಿತು, ಗ್ರೀನ್ ಬೇ ತನ್ನ ಸರದಿಯಲ್ಲಿ ಇನ್ನೊಂದರಿಂದ ಉತ್ತರಿಸಿತು, ಗಡಿಯಾರ ನಿಂತಿತು. 40-40. ಸಾವಿರಾರು ಪ್ರೇಕ್ಷಕರಿಗೆ ಇದು ರುಚಿಸಲಿಲ್ಲ. ಆದರೆ ಎರಡೂ ತಂಡಗಳ ಆಕ್ರಮಣಕಾರರೂ ರಕ್ಷಕರೂ ಅಂದು ಮೈದಾನಕ್ಕಿಳಿದಿದ್ದರು.